ಸ್ಟೆಮ್ ಸೆಲ್ ಚಿಕಿತ್ಸೆ: ಅಕ್ಷಿಪಟಲದ ಯಾವ ಪದರಕ್ಕೆ, ಯಾವ ಕೋಶ, ಯಾವ ಜಾಗದಲ್ಲಿ?

ನಸುಬೆಳಕು

ಒಣ ಎಎಂಡಿ (ವಯಸ್ಸಾದಂತೆ ನಡುವಿನ ದೃಷ್ಟಿ ಕೆಡಿಸುವ ರೋಗದ ಒಂದು ಬಗೆ), ಸ್ಟಾರ್‌ಗಾರ್ಟ್ (ನಡುವಿನ ದೃಷ್ಟಿ ಕೆಡಿಸುವ ಆನುವಂಶಿಕ ರೋಗ), ರೆಟಿನೈಟಿಸ್ ಪಿಗ್ಮೆಂಟೋಸಾ (ಆರ್‌ಪಿ, ಇದೂ ಆನುವಂಶಿಕ) ಮೂರೂ ಬೇರೆ ಬೇರೆ ರೋಗ. ಸುದ್ದಿಯಲ್ಲಿ ಮಾತ್ರ ಮೂರಕ್ಕೂ ಒಂದೇ ಮದ್ದು: "ಸ್ಟೆಮ್ ಸೆಲ್". ಪ್ರಯೋಗಗಳ ವರದಿ ಬಿಡಿಸಿ ಓದಿದರೆ ಒಂದರಲ್ಲಿ ಆರ್‌ಪಿಇ ಕೋಶ (ಅಕ್ಷಿಪಟಲದ ಬುಡದ ಕಪ್ಪು ಕೋಶ), ಇನ್ನೊಂದರಲ್ಲಿ ಪ್ರೊಜೆನಿಟರ್ (ಇನ್ನೂ ಪೂರ್ತಿ ಬಲಿಯದ ಎಳೆಯ ಕೋಶ), ಮತ್ತೊಂದರಲ್ಲಿ ಮೂಳೆಮಜ್ಜೆಯ ಕೋಶ. ಒಬ್ಬರು ಅಕ್ಷಿಪಟಲದ ಅಡಿಗೆ ಹಾಕುತ್ತಾರೆ, ಇನ್ನೊಬ್ಬರು ವಿಟ್ರಿಯಸ್ಸಿಗೆ (ಕಣ್ಣೊಳಗಿನ ಲೋಳೆಗೆ) ಚುಚ್ಚುತ್ತಾರೆ. ರೋಗಿಗಳಿಗಾಗಿ ಒಂದು ಮಾಹಿತಿ ಕೈಪಿಡಿ ಸಿದ್ಧವಾಗುತ್ತಿದೆ, ಅದಕ್ಕೆ ಈ ಉತ್ತರಗಳು ಬೇಕು:

1. ಆರ್‌ಪಿಇ ಕೋಶ ಒಣ ಎಎಂಡಿಗೆ ಸರಿ ಅಂತಾದರೆ ಆರ್‌ಪಿಗೆ ಯಾಕೆ ಸಾಲದು?

2. ಬಿಡಿ ಕೋಶಗಳನ್ನು ದ್ರವದಲ್ಲಿ ತೇಲಿಸಿ ಚುಚ್ಚುವುದು ಮೇಲೋ, ಹಾಳೆಯಾಗಿ ಬೆಳೆಸಿ ಹಾಸುವುದು ಮೇಲೋ?

3. ಕಣ್ಣಿಗೆ ರೋಗನಿರೋಧಕ ವ್ಯವಸ್ಥೆಯ ರಿಯಾಯಿತಿ ಇದೆ ಅನ್ನುತ್ತಾರೆ. ಹಾಗಿದ್ದರೆ ರೋಗನಿರೋಧಕ ಶಕ್ತಿ ತಗ್ಗಿಸುವ ಟ್ಯಾಕ್ರೊಲಿಮಸ್ ಯಾಕೆ? ಸ್ವಂತ ಚರ್ಮ ಅಥವಾ ರಕ್ತದ ಕೋಶವನ್ನು ಮತ್ತೆ ಸ್ಟೆಮ್ ಸೆಲ್ ಸ್ಥಿತಿಗೆ ತಿರುಗಿಸಿ ಮಾಡಿದ ಐಪಿಎಸ್ ಕೋಶವಾದರೆ ಅದೂ ಬೇಡ ತಾನೆ?

4. ಓಸಿಟಿ (ಅಕ್ಷಿಪಟಲದ ಪದರ ತೋರಿಸುವ ಸ್ಕ್ಯಾನ್) ವರದಿ ಕೈಯಲ್ಲಿದ್ದರೆ ಇನ್ನೂ ಉಳಿಸುವಂಥದ್ದು ಇದೆಯೋ ಇಲ್ಲವೋ ಅಂತ ಎಲ್ಲಿ ನೋಡಬೇಕು?

ಇನ್ನೊಂದು ವಿಷಯ. ಹೊಟ್ಟೆಯ ಕೊಬ್ಬಿನಿಂದ ಕೋಶ ತೆಗೆದು ಅದೇ ದಿನ ಎರಡೂ ಕಣ್ಣಿಗೆ ಚುಚ್ಚುವ ಜಾಹೀರಾತುಗಳು ಕಾಣುತ್ತಿವೆ. "ಸ್ವಂತ ಕೋಶ, ಅಪಾಯವಿಲ್ಲ" ಅನ್ನುವುದು ಅವುಗಳ ವಾದ. ಇದಕ್ಕೆ ಕೈಪಿಡಿಯಲ್ಲಿ ಏನು ಬರೆಯಬೇಕು?

ಪದರ_ಹತ್ತು

ನಿಮ್ಮ 1 ಮತ್ತು 4 ಒಂದೇ ಪ್ರಶ್ನೆಯ ಎರಡು ತುದಿ. ಸತ್ತಿರುವುದು ಯಾವ ಪದರ ಅನ್ನುವುದು ಗೊತ್ತಾಗದೆ ಕೋಶದ ಮಾತೇ ಎತ್ತಬಾರದು.

ಬೆಳಕು ಹಿಡಿಯುವ ಕೋಶಗಳಲ್ಲಿ ಸುಮಾರು 60 ಲಕ್ಷ ಶಂಕುಕೋಶ, ಸುಮಾರು 12 ಕೋಟಿ ದಂಡಕೋಶ. ಇವುಗಳ ಬುಡಕ್ಕೆ ಒಂದೇ ಒಂದು ಸಾಲು ಕಪ್ಪು ಕೋಶ, ಅದೇ ಆರ್‌ಪಿಇ. ಬೆಳಕು ಹಿಡಿಯುವ ಕೋಶದ ಹೊರತುದಿಯಲ್ಲಿ ದಿನಕ್ಕೆ ಹತ್ತರಲ್ಲಿ ಒಂದು ಪಾಲು ಉದುರುತ್ತದೆ, ಅದನ್ನು ಆರ್‌ಪಿಇ ನುಂಗಿ ಕರಗಿಸುತ್ತದೆ. ಬಳಸಿದ ವಿಟಮಿನ್ ಎ ರೂಪವನ್ನು ಮತ್ತೆ ಕೆಲಸಕ್ಕೆ ಬರುವ ರೂಪಕ್ಕೆ ತಿರುಗಿಸಿ ಕೊಡುವುದೂ, ಕೆಳಗಿನ ರಕ್ತನಾಳ ಪದರದಿಂದ ಆಹಾರ ದಾಟಿಸುವುದೂ ಅದೇ. ಅದರ ಕೆಳಗೆ 2ರಿಂದ 4 ಮೈಕ್ರಾನ್ ದಪ್ಪದ ಬ್ರೂಕ್ಸ್ ಪೊರೆ, ಇನ್ನೂ ಕೆಳಗೆ ಆ ರಕ್ತನಾಳ ಪದರ, ಅಂದರೆ ಕೊರಾಯ್ಡ್.

ಒಣ ಎಎಂಡಿಯ ಕೊನೆಯ ಹಂತದಲ್ಲಿ, ಅಂದರೆ ಜಿಯಾಗ್ರಫಿಕ್ ಅಟ್ರೊಫಿಯಲ್ಲಿ, ಆರ್‌ಪಿಇ ಸಾಯುತ್ತದೆ, ಅದರ ಬೆನ್ನಿಗೆ ಮೇಲಿನ ಶಂಕು-ದಂಡಗಳೂ ಹೋಗುತ್ತವೆ. ಆದ್ದರಿಂದ ಹೊಸ ಆರ್‌ಪಿಇ ಕೊಡುವುದಕ್ಕೆ ಅರ್ಥವಿದೆ. ಸ್ಟಾರ್‌ಗಾರ್ಟ್‌ನಲ್ಲಿ ಸ್ವಲ್ಪ ತಿರುವು ಇದೆ. ಕೆಟ್ಟಿರುವ ಎಬಿಸಿಎ4 ಜೀನ್ ಮುಖ್ಯವಾಗಿ ಕೆಲಸ ಮಾಡುವುದು ಬೆಳಕು ಹಿಡಿಯುವ ಕೋಶದಲ್ಲಿ. ಅಲ್ಲಿ ವಿಲೇವಾರಿಯಾಗದ ವಿಟಮಿನ್ ಎ ಕಸ ಆರ್‌ಪಿಇಯ ಹೊಟ್ಟೆ ಸೇರುತ್ತದೆ, ಸಾಯುವುದು ಆರ್‌ಪಿಇ. ಹೊಸ ಆರ್‌ಪಿಇ ಹಾಕಿದರೂ ಮೇಲಿನಿಂದ ಅದೇ ಕಸ ಬೀಳುತ್ತಲೇ ಇರುತ್ತದೆ. ಅದು ಮತ್ತೆ ತುಂಬಲು ವರ್ಷಗಳೇ ಬೇಕು, ಹಾಗಾಗಿ ಪ್ರಯತ್ನ ವ್ಯರ್ಥವಲ್ಲ. ಆದರೆ ಮೂಲ ದೋಷ ಸರಿಯಾಯಿತು ಅಂತ ಕೈಪಿಡಿಯಲ್ಲಿ ಬರೆಯಬೇಡಿ. ಸ್ಟಾರ್‌ಗಾರ್ಟ್ ಇರುವವರು ವಿಟಮಿನ್ ಎ ಮಾತ್ರೆಗಳಿಂದ ದೂರವಿರಬೇಕಾದ ಕಾರಣವೂ ಇದೇ. ಅದನ್ನು ದಪ್ಪಕ್ಷರದಲ್ಲಿ ಹಾಕಿ.

ಆರ್‌ಪಿಯಲ್ಲಿ 80ಕ್ಕೂ ಹೆಚ್ಚು ಜೀನ್‌ಗಳ ಕಥೆ ಇದೆ. ಹೆಚ್ಚಿನವು ಮೊದಲು ದಂಡಕೋಶವನ್ನೇ ಕೊಲ್ಲುತ್ತವೆ. ಇರುಳುಗುರುಡು, ಆಮೇಲೆ ಕೊಳವೆಯೊಳಗಿಂದ ನೋಡಿದಂಥ ದೃಷ್ಟಿ, ಕೊನೆಗೆ ಶಂಕುಕೋಶವೂ ಹೋಗುವುದು ಈ ಕ್ರಮದಲ್ಲೇ. ಇಲ್ಲಿ ಆರ್‌ಪಿಇ ಹಾಸುವುದೆಂದರೆ ಬೀಜವಿಲ್ಲದ ಹೊಲಕ್ಕೆ ನೀರು ಕಟ್ಟಿದ ಹಾಗೆ. ಅಪವಾದಗಳಿವೆ: ಎಂಇಆರ್‌ಟಿಕೆ, ಆರ್‌ಪಿಇ65 ಥರದ ಜೀನ್‌ಗಳ ದೋಷ ಕೂತಿರುವುದು ಆರ್‌ಪಿಇಯಲ್ಲೇ. ಆರ್‌ಪಿಇ65ಗೆ ಜೀನ್ ಚಿಕಿತ್ಸೆಯೇ ಇದೆ, ಅಮೆರಿಕದಲ್ಲಿ 2017ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ಲಕ್ಸ್‌ಟರ್ನಾ. ಅದಕ್ಕೂ ಬದುಕಿರುವ ಕೋಶ ಉಳಿದಿರಬೇಕು. ಆದ್ದರಿಂದ ಜೀನ್ ಪರೀಕ್ಷೆ ಮೊದಲು, ಕೋಶದ ಮಾತು ಆಮೇಲೆ.

ಓಸಿಟಿಯಲ್ಲಿ ನೋಡಬೇಕಾದದ್ದು ನಾಲ್ಕು ಗೆರೆ. ಮೇಲಿನಿಂದ ಕೆಳಕ್ಕೆ: ಹೊರ ನ್ಯೂಕ್ಲಿಯರ್ ಪದರ (ಬೆಳಕು ಹಿಡಿಯುವ ಕೋಶಗಳ ದೇಹ ಇರುವ ಕಪ್ಪು ಪಟ್ಟಿ), ಹೊರ ಸೀಮಾಪೊರೆ, ಎಲಿಪ್ಸಾಯ್ಡ್ ವಲಯ (ಅದೇ ಕೋಶಗಳ ಶಕ್ತಿಕೇಂದ್ರಗಳ ಗೆರೆ), ಆರ್‌ಪಿಇ ಪಟ್ಟಿ. ಆರ್‌ಪಿಇ ಹೋದ ಜಾಗದಲ್ಲಿ ಬೆಳಕು ತಡೆಯಿಲ್ಲದೆ ಕೊರಾಯ್ಡ್‌ಗೆ ಇಳಿದು ಕೆಳಗೆ ಬಿಳಿ ಪರದೆ ತೂಗಿದಂತೆ ಕಾಣುತ್ತದೆ. ಅದರ ಮೇಲೆ ಹೊರ ನ್ಯೂಕ್ಲಿಯರ್ ಪದರವೂ ಕುಸಿದಿದ್ದರೆ ಅಲ್ಲಿ ಆರ್‌ಪಿಇಯಿಂದ ದೃಷ್ಟಿ ಮರಳದು. ಗಾಯದ ಅಂಚಿನಲ್ಲಿ ಎಲಿಪ್ಸಾಯ್ಡ್ ಗೆರೆ ಚಿಂದಿಯಾಗಿದ್ದು ನ್ಯೂಕ್ಲಿಯರ್ ಪದರ ಇನ್ನೂ ದಪ್ಪ ಉಳಿಸಿಕೊಂಡಿದ್ದರೆ, ಆ ಅಂಚೇ ಚಿಕಿತ್ಸೆಯ ಗುರಿ. ಒಂದು ಚಿತ್ರ ಸಾಲದು. ಆರು ತಿಂಗಳು, ವರ್ಷದ ಅಂತರದ ಚಿತ್ರಗಳನ್ನು ಅದೇ ಯಂತ್ರದಲ್ಲಿ, ಅದೇ ಜಾಗದಲ್ಲಿ ತೆಗೆಸಿ, ಆಟೊಫ್ಲೋರೆಸೆನ್ಸ್ (ಆರ್‌ಪಿಇಯಲ್ಲಿ ಕೂತ ಕಸದ ಹೊಳಪು ಹಿಡಿಯುವ) ಚಿತ್ರದ ಜತೆ ಇಟ್ಟು ನೋಡಬೇಕು.

ಸಮಯ ಎಷ್ಟು ಮುಖ್ಯ ಅನ್ನುವುದಕ್ಕೆ ಆರ್‌ಪಿಇ ಹಾಳೆ ಹಾಸಿದ ಲಂಡನ್ನಿನ ಪ್ರಯೋಗವೇ ಸಾಕ್ಷಿ. 2018ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಇಬ್ಬರು ರೋಗಿಗಳು 12 ತಿಂಗಳಲ್ಲಿ ದೃಷ್ಟಿ ಫಲಕದಲ್ಲಿ 29 ಮತ್ತು 21 ಅಕ್ಷರ ಹೆಚ್ಚು ಓದಿದರು. ಪತ್ರಿಕೆಗಳು ಇದನ್ನು "ಎಎಂಡಿಗೆ ಪರಿಹಾರ" ಅಂದವು. ಅವರಿಬ್ಬರಿಗೂ ಇದ್ದದ್ದು ದಿಢೀರನೆ ಬಿಗಡಾಯಿಸಿದ ಒದ್ದೆ ಎಎಂಡಿ (ರಕ್ತನಾಳ ಸೋರುವ ಬಗೆ), ಅಂದರೆ ಬೆಳಕು ಹಿಡಿಯುವ ಕೋಶಗಳು ಹೊಸದಾಗಿ ಅನಾಥವಾಗಿದ್ದವು, ಪೂರ್ತಿ ಸತ್ತಿರಲಿಲ್ಲ. ಹತ್ತು ವರ್ಷದ ಹಳೆಯ ಒಣ ಅಟ್ರೊಫಿಗೆ ಅದೇ ಸಂಖ್ಯೆಯನ್ನು ನಿರೀಕ್ಷಿಸಲಾಗದು.

ತಟ್ಟೆಕೋಶ

ಪ್ರಯೋಗಾಲಯದ ಕಡೆಯಿಂದ 2 ಮತ್ತು 3ಕ್ಕೆ. ಮೊದಲು ಒಂದು ತಿದ್ದುಪಡಿ: ಕಣ್ಣಿಗೆ ಹೋಗುವುದು ಸ್ಟೆಮ್ ಸೆಲ್ ಅಲ್ಲ. ಸ್ಟೆಮ್ ಸೆಲ್ ಆಗಿಯೇ ಹೋದರೆ ಟೆರಟೋಮಾ ಗೆಡ್ಡೆ ಕಟ್ಟುತ್ತದೆ. ಭ್ರೂಣದ ಸ್ಟೆಮ್ ಸೆಲ್ (1998ರಲ್ಲಿ ಜೇಮ್ಸ್ ಥಾಮ್ಸನ್ ಮಾನವನದ್ದನ್ನು ಬೇರ್ಪಡಿಸಿದರು) ಅಥವಾ ಐಪಿಎಸ್ (ಯಮನಕ, ಇಲಿಯಲ್ಲಿ 2006, ಮಾನವನಲ್ಲಿ 2007) ಇಲ್ಲಿ ಕಚ್ಚಾ ಮಾಲು ಮಾತ್ರ. ಅದನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ದಾರಿಗೆ ತಂದು ಆರ್‌ಪಿಇ ಮಾಡಿದ ಮೇಲೆ ಕಣ್ಣಿಗೆ ಹಾಕುವುದು.

ದಾರಿ ಸುಮಾರಾಗಿ ಹೀಗೆ. ಕೋಶವನ್ನು ಸ್ಟೆಮ್ ಸ್ಥಿತಿಯಲ್ಲಿ ಹಿಡಿದಿಡುವ ಎಫ್‌ಜಿಎಫ್-2 ತೆಗೆದರೆ ಕೆಲವು ತಾವಾಗಿಯೇ ಕಪ್ಪಾಗತೊಡಗುತ್ತವೆ. ಕಾದು ಕೂರಲು ಸಮಯವಿಲ್ಲದವರು ನಿಕೊಟಿನಮೈಡ್, ಆಕ್ಟಿವಿನ್ ಎ ಕೊಟ್ಟು ತಳ್ಳುತ್ತಾರೆ. ಕಪ್ಪು ಮಚ್ಚೆಗಳನ್ನು ಆರಿಸಿ ತೆಗೆದು ಬೇರೆ ತಟ್ಟೆಯಲ್ಲಿ ಹರಡಿದಾಗ ಷಟ್ಕೋನದ ಕಲ್ಲುಹಾಸಿನಂತೆ ಕೂಡಿಕೊಳ್ಳಬೇಕು. ಬಣ್ಣ ಬಂದರೆ ಕೆಲಸ ಮುಗಿಯಿತು ಅಂದುಕೊಳ್ಳುವುದು ಹೊಸಬರ ತಪ್ಪು. ನೋಡಬೇಕಾದ್ದು: ಆರ್‌ಪಿಇಯ ಗುರುತುಗಳಾದ ಪಿಎಎಕ್ಸ್6, ಎಂಐಟಿಎಫ್, ಬೆಸ್ಟ್ರೊಫಿನ್, ಆರ್‌ಪಿಇ65 ಇವೆಯೇ, ಕೋಶಗಳನ್ನು ಬಿಗಿಯುವ ಝಡ್‌ಒ-1 ಬೇಲಿ ಮುರಿಯದೆ ಸುತ್ತಿದೆಯೇ, ಪದರದ ಆಚೀಚೆ ವಿದ್ಯುತ್ ರೋಧ ಏರಿದೆಯೇ, ಕೋಶ ಪೋಷಿಸುವ ಪಿಇಡಿಎಫ್ ಮೇಲ್ಮುಖಕ್ಕೆ, ರಕ್ತನಾಳ ಪೋಷಿಸುವ ವಿಇಜಿಎಫ್ ಕೆಳಮುಖಕ್ಕೆ ಸುರಿಯುತ್ತಿದೆಯೇ, ಬಣ್ಣ ಹಚ್ಚಿದ ಹೊರತುದಿ ತುಣುಕುಗಳನ್ನು ಕೊಟ್ಟರೆ ನುಂಗುತ್ತದೆಯೇ. ತೀರಾ ಕಪ್ಪಾದ, ಹಣ್ಣಾದ ಕೋಶ ನೋಡಲು ಚೆನ್ನ, ಆದರೆ ತೇಲಿಸಿ ಚುಚ್ಚಿದಾಗ ತಿಳಿ ಬಣ್ಣದ ಎಳೆಯದಷ್ಟು ಚೆನ್ನಾಗಿ ಅಂಟುವುದಿಲ್ಲ. ಯಾವ ಹಂತದಲ್ಲಿ ಕಟಾವು ಅನ್ನುವುದೇ ಅರ್ಧ ವಿದ್ಯೆ.

ದಾರಿ ತಪ್ಪಿ ಉಳಿದ ಸ್ಟೆಮ್ ಸೆಲ್ ಹುಡುಕುವುದಕ್ಕೆ ಸ್ಟೆಮ್ ಸೆಲ್‌ನ ಗುರುತಾದ ಎಲ್‌ಐಎನ್28 ಆರ್‌ಎನ್‌ಎ ಅಳೆಯುವ ಪಿಸಿಆರ್ ಇದೆ. ಅದು ಶೇ 0.002ರವರೆಗೆ ಹಿಡಿಯಬಲ್ಲದು. ಕೇಳಲು ಅದ್ಭುತ, ಲೆಕ್ಕ ಹಾಕಿದರೆ ಒಂದು ಲಕ್ಷ ಕೋಶದಲ್ಲಿ 2. ಪರೀಕ್ಷೆಯ ಕಣ್ಣಿಗೆ ಬೀಳದೆ ಒಂದು ಉಳಿಯಬಹುದು, ಹಾಗಾಗಿ ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳಲ್ಲಿ ತಿಂಗಳುಗಟ್ಟಲೆ ಇಟ್ಟು ನೋಡುವುದನ್ನು ಯಾರೂ ಬಿಡುವುದಿಲ್ಲ. ಕ್ರೋಮೊಸೋಮ್ ಪರೀಕ್ಷೆಯಲ್ಲೂ ಇಂಥದ್ದೇ ಬಲೆ ಇದೆ. ಕ್ರೋಮೊಸೋಮಿಗೆ ಬಣ್ಣದ ಪಟ್ಟಿ ಹಾಕಿ ನೋಡುವ ಮಾಮೂಲಿ ಜಿ-ಬ್ಯಾಂಡಿಂಗ್‌ಗೆ 5 ಮೆಗಾಬೇಸ್‌ಗಿಂತ (50 ಲಕ್ಷ ಡಿಎನ್‌ಎ ಅಕ್ಷರ) ಚಿಕ್ಕ ಬದಲಾವಣೆ ಸಾಮಾನ್ಯವಾಗಿ ಕಾಣದು. ಸ್ಟೆಮ್ ಸೆಲ್ ಬೆಳೆಸುವಾಗ ಪದೇಪದೇ ತಲೆ ಎತ್ತುವ 20ಕ್ಯೂ11.21 (20ನೇ ಕ್ರೋಮೊಸೋಮಿನ ಒಂದು ತುಣುಕು) ಹೆಚ್ಚಳ ಅದಕ್ಕಿಂತ ಚಿಕ್ಕದಿರುತ್ತದೆ. ಅಲ್ಲಿರುವ ಬಿಸಿಎಲ್2ಎಲ್1 ಜೀನ್ ಕೋಶ ಸಾಯದಂತೆ ಕಾಯುತ್ತದೆ, ಆದ್ದರಿಂದ ಅಂಥ ಕೋಶವೇ ತಟ್ಟೆ ತುಂಬಿಕೊಳ್ಳುತ್ತದೆ. ಗೆಡ್ಡೆ ತಡೆಯುವ ಟಿಪಿ53 ಜೀನಿನ ದೋಷವೂ ಹಾಗೇ. "ಕ್ಯಾರಿಯೊಟೈಪ್ (ಕ್ರೋಮೊಸೋಮ್ ಚಿತ್ರ) ಸರಿಯಿದೆ" ಅನ್ನುವ ಒಂದು ಸಾಲು ನೋಡಿ ಸುಮ್ಮನಾಗಬೇಡಿ.

ಸ್ವಂತ ಐಪಿಎಸ್ ವಿಷಯಕ್ಕೆ ಬರೋಣ. ಜಪಾನಿನ ಕೋಬೆಯಲ್ಲಿ ಮಸಾಯೊ ತಕಾಹಶಿ ತಂಡ 2014ರ ಸೆಪ್ಟೆಂಬರ್‌ನಲ್ಲಿ ಒದ್ದೆ ಎಎಂಡಿ ಇದ್ದ ಮಹಿಳೆಗೆ ಅವರದ್ದೇ ಚರ್ಮದಿಂದ ತಯಾರಾದ 1.3 × 3 ಮಿ.ಮೀ. ಆರ್‌ಪಿಇ ಹಾಳೆ ಹಾಸಿತು. ವರ್ಷವಾದ ಮೇಲೂ ಹಾಳೆ ಉಳಿದಿತ್ತು, ದೃಷ್ಟಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಎರಡನೇ ರೋಗಿಯ ಕೋಶಗಳಲ್ಲಿ ಜೀನ್ ಬದಲಾವಣೆ ಕಂಡಿದ್ದರಿಂದ ಕಸಿಯನ್ನೇ ಕೈಬಿಟ್ಟರು. 2017ರಲ್ಲಿ ಅದೇ ತಂಡ ಎಚ್‌ಎಲ್‌ಎ (ತನ್ನದೋ ಪರರದೋ ಅಂತ ದೇಹ ಗುರುತಿಸುವ ಪ್ರೋಟೀನು) ಹೊಂದುವ ದಾನಿಯ ಐಪಿಎಸ್‌ಗೆ ಹೊರಳಿತು. ಒಬ್ಬರಿಗೊಂದು ತಯಾರಿ ಅಂದರೆ ಪ್ರತಿಯೊಬ್ಬರಿಗೂ ಹಲವು ತಿಂಗಳು, ಪ್ರತಿಸಲವೂ ಮೇಲಿನ ಎಲ್ಲ ಪರೀಕ್ಷೆ. ಈ ದಾರಿ ಮುಚ್ಚಿಲ್ಲ: ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯಲ್ಲಿ ಕಪಿಲ್ ಭಾರ್ತಿ ತಂಡದ ಕೋಶಗಳನ್ನು, ಕರಗಿಹೋಗುವ ಪಿಎಲ್‌ಜಿಎ ಜಾಲರಿಯ ಮೇಲೆ ಬೆಳೆಸಿ, 2022ರಲ್ಲಿ ಮೊದಲ ರೋಗಿಗೆ ಹಾಸಿದರು. ಆದರೆ ಆನುವಂಶಿಕ ರೋಗದಲ್ಲಿ ಸ್ವಂತ ಕೋಶ ಅಂದರೆ ಸ್ವಂತ ದೋಷವೂ ಹೌದು. ಜೀನ್ ತಿದ್ದುವ ಕ್ರಿಸ್ಪರ್‌ನಿಂದ ಮೊದಲು ತಿದ್ದಿ, ತಿದ್ದಿದ್ದು ಬೇರೆಡೆ ಕತ್ತರಿ ಹಾಕಿಲ್ಲ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ಬೆಳೆಸಬೇಕು.

ರೋಗನಿರೋಧಕದ "ರಿಯಾಯಿತಿ" ಆರೋಗ್ಯವಂತ ಕಣ್ಣಿನ ಮಾತು. ಆ ರಿಯಾಯಿತಿಯ ಕಾವಲುಗಾರ ಆರ್‌ಪಿಇಯ ಬೇಲಿಯೇ. ಬೇಲಿ ಬಿದ್ದಿರುವ ರೋಗದಲ್ಲಿ, ಅದೂ ಶಸ್ತ್ರಚಿಕಿತ್ಸೆಯಲ್ಲಿ ಇನ್ನಷ್ಟು ಕೆದಕಿದ ಜಾಗದಲ್ಲಿ, ದಾನಿಯ ಕೋಶ ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳದೆ ಇರದು.

ಸೂಜಿಮೊನೆ

ಶಸ್ತ್ರಚಿಕಿತ್ಸೆಯ ಭಾಗ ನನ್ನ ಪಾಲಿಗಿರಲಿ. ದ್ರವವೋ ಹಾಳೆಯೋ ಅನ್ನುವ ಜಗಳ ಬಹುಪಾಲು ಇಲ್ಲೇ ತೀರ್ಮಾನವಾಗುವುದು.

ದ್ರವ ಮಾದರಿ: 23 ಅಥವಾ 25 ಗೇಜ್‌ನ ಮೂರು ತೂತಿನಿಂದ ವಿಟ್ರೆಕ್ಟಮಿ, ಅಂದರೆ ವಿಟ್ರಿಯಸ್ ತೆಗೆಯುವುದು. ವಿಟ್ರಿಯಸ್‌ನ ಹಿಂಪೊರೆಯನ್ನು ಪೂರ್ತಿ ಬಿಡಿಸಬೇಕು. ಉಳಿದರೆ ಮುಂದೆ ಅದೇ ಎಳೆದು ತೊಂದರೆ ಕೊಡುತ್ತದೆ. ನಂತರ 38 ಅಥವಾ 41 ಗೇಜ್ ತೂರುನಳಿಕೆಯಿಂದ ಅಕ್ಷಿಪಟಲದ ಅಡಿಯಲ್ಲಿ ಗುಳ್ಳೆ ಎಬ್ಬಿಸಿ ಕೋಶ ಬಿಡುವುದು. 2011ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸ್ಟೀವನ್ ಶ್ವಾರ್ಟ್ಸ್, ಭ್ರೂಣದ ಸ್ಟೆಮ್ ಸೆಲ್‌ನಿಂದ ಮಾಡಿದ ಆರ್‌ಪಿಇಯ ಪ್ರಯೋಗದಲ್ಲಿ, ಮೊದಲ ಇಬ್ಬರಿಗೆ ಕೊಟ್ಟದ್ದು 150 ಮೈಕ್ರೊಲೀಟರ್‌ನಲ್ಲಿ 50,000 ಕೋಶ. ಮುಂದೆ ಒಂದು ಲಕ್ಷ, ಒಂದೂವರೆ ಲಕ್ಷಕ್ಕೆ ಏರಿಸಿದರು. 2015ರಲ್ಲಿ ಬಂದ 18 ಜನರ ವರದಿಯಲ್ಲಿ 13 ಮಂದಿಗೆ ಅಡಿಪದರದಲ್ಲಿ ಕಪ್ಪು ಹೆಚ್ಚಿದ್ದು ಕಂಡಿತು, ಅಂದರೆ ಕೋಶ ನಿಂತಿದೆ ಅನ್ನಬಹುದು.

ತಪ್ಪುವುದು ಎಲ್ಲೆಲ್ಲಿ? ಸಿರಿಂಜ್‌ನಲ್ಲಿ ಕೋಶ ತಳಕ್ಕೆ ಕೂರುತ್ತದೆ. ಐದು ನಿಮಿಷ ಮಾತಾಡುತ್ತ ನಿಂತರೆ ಮೊದಲರ್ಧದಲ್ಲಿ ಬರಿ ದ್ರವ, ಕೊನೆಗೆ ಗಟ್ಟಿ ಮುದ್ದೆ ಹೋಗುತ್ತದೆ. ಜೋರಾಗಿ ತಳ್ಳಿದರೆ ಸಣ್ಣ ನಳಿಕೆಯ ಎಳೆತಕ್ಕೆ ಕೋಶ ಹರಿಯುತ್ತದೆ, ಜತೆಗೆ ಮ್ಯಾಕ್ಯುಲ (ಅಕ್ಷಿಪಟಲದ ನಡುಭಾಗ) ತೆಳುವಾಗಿದ್ದರೆ ಅದರ ಕೇಂದ್ರವಾದ ಫೋವಿಯಾದಲ್ಲಿ ತೂತು ಬೀಳುತ್ತದೆ. ನಳಿಕೆ ತೆಗೆದ ತೂತಿನಿಂದ ಕೋಶ ವಾಪಸ್ ವಿಟ್ರಿಯಸ್ ಕಡೆಗೆ ಜಿನುಗಿದರೆ ಅಕ್ಷಿಪಟಲದ ಮೇಲೆ ಕೂತು ಪೊರೆ ಕಟ್ಟುತ್ತದೆ, ಎಳೆತ ಹೆಚ್ಚಾದರೆ ಅಕ್ಷಿಪಟಲವೇ ಕಳಚಿಕೊಳ್ಳಬಹುದು. ಇದನ್ನು ತಪ್ಪಿಸಲೆಂದೇ ಕೊರಾಯ್ಡ್ ಕಡೆಯಿಂದ, ಅಕ್ಷಿಪಟಲಕ್ಕೆ ತೂತು ಮಾಡದೆ ಕೊಂಡೊಯ್ಯುವ ಸಾಧನಗಳು ಬಂದಿವೆ. ಒಣ ಎಎಂಡಿಗೆ ಆರ್‌ಪಿಇ ಕೊಡುವ ಆಪ್‌ರೀಜೆನ್ ಪ್ರಯೋಗದಲ್ಲಿ ಕೆಲವರಿಗೆ ಹಾಗೆ ಕೊಟ್ಟಿದ್ದಾರೆ.

ದ್ರವದ ದೊಡ್ಡ ಕೊರತೆ ಬೇರೆ. ಕೋಶ ಅಂಟಬೇಕಾದ ನೆಲ ಮುದಿ ಬ್ರೂಕ್ಸ್ ಪೊರೆ. ವಯಸ್ಸಾದಂತೆ ಅದು ಕೊಬ್ಬು ಕೂತು ದಪ್ಪವಾಗಿರುತ್ತದೆ. ಆಸರೆ ಸಿಗದ ಆರ್‌ಪಿಇ ತಾನಾಗಿ ಸಾಯುತ್ತದೆ. ಅಂಟಿದವೂ ತಲೆ ಮೇಲೆ ಬುಡ ಕೆಳಗೆ ಅಂತ ಸಾಲಾಗಿ ಕೂರುತ್ತವೆ ಅನ್ನುವ ಖಾತ್ರಿ ಇಲ್ಲ, ಗುಪ್ಪೆಯಾಗಬಹುದು.

ಹಾಳೆಯಲ್ಲಿ ಆ ಚಿಂತೆ ಇಲ್ಲ, ಸಾಲು ತಟ್ಟೆಯಲ್ಲೇ ಸಿದ್ಧವಾಗಿರುತ್ತದೆ. ಲಂಡನ್ನಿನದು ವಿಟ್ರೊನೆಕ್ಟಿನ್ ಸವರಿದ ಪಾಲಿಯೆಸ್ಟರ್ ಮೇಲೆ 6 × 3 ಮಿ.ಮೀ., ಕ್ಯಾಲಿಫೋರ್ನಿಯದ್ದು ಪ್ಯಾರಿಲೀನ್ ಮೇಲೆ. ಬೆಲೆ ತೆರಬೇಕಾದದ್ದು ಗಾಯದ ರೂಪದಲ್ಲಿ: ಮಿಲಿಮೀಟರ್‌ಗಟ್ಟಲೆ ಅಕ್ಷಿಪಟಲ ಕತ್ತರಿಸಿ ತೆರೆದು, ಹಾಳೆ ಮಡಿಚದಂತೆ, ತಲೆಕೆಳಗಾಗದಂತೆ ತೂರಿಸಿ, ಕತ್ತರಿಸಿದಂಚಿಗೆ ಲೇಸರ್ ಹಾಕಿ, ಸಿಲಿಕಾನ್ ಎಣ್ಣೆ ಅಥವಾ ಅನಿಲ ತುಂಬಬೇಕು. ಲಂಡನ್ನಿನ ಇಬ್ಬರಲ್ಲಿ ಒಬ್ಬರಿಗೆ ಗಾಯದ ಪೊರೆ ಕಟ್ಟಿ ಅಕ್ಷಿಪಟಲ ಕಳಚಿತ್ತು, ಮತ್ತೆ ಶಸ್ತ್ರಚಿಕಿತ್ಸೆ ಬೇಕಾಯಿತು. 29 ಅಕ್ಷರದ ಸುದ್ದಿ ಓದುವವರು ಈ ಸಾಲನ್ನೂ ಓದಬೇಕು.

ನನ್ನ ಅಭಿಪ್ರಾಯ ಕೇಳಿದರೆ: ಅಂಚಿನಲ್ಲಿರುವ, ಇನ್ನೂ ಓದಬಲ್ಲ ಕಣ್ಣಿಗೆ ದ್ರವ, ನಡುವೆ ಆರ್‌ಪಿಇ ಪೂರ್ತಿ ಕಿತ್ತುಹೋಗಿ ಬ್ರೂಕ್ಸ್ ಪೊರೆಯೂ ಹರಿದಿದ್ದರೆ ಹಾಳೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಕೈಪಿಡಿಗೆ ಎರಡು ಎಚ್ಚರಿಕೆ. ಅನಿಲ ತುಂಬಿದ್ದರೆ ಅದು ಕರಗುವವರೆಗೆ ವಿಮಾನ ಹತ್ತಬಾರದು, ಎತ್ತರದ ಘಾಟಿಗೂ ಹೋಗಬಾರದು. ಎಸ್‌ಎಫ್6 ಅನಿಲ ಕರಗಲು ಸುಮಾರು ಎರಡು ವಾರ, ಸಿ3ಎಫ್8 ಅನಿಲಕ್ಕೆ ಸುಮಾರು ಎರಡು ತಿಂಗಳು. ಅದೇ ಅವಧಿಯಲ್ಲಿ ಬೇರೆ ಶಸ್ತ್ರಚಿಕಿತ್ಸೆ ಬಂದರೆ ಅರಿವಳಿಕೆ ಕೊಡುವವರಿಗೆ ಮೊದಲೇ ಹೇಳಬೇಕು. ನೈಟ್ರಸ್ ಆಕ್ಸೈಡ್ ಕೊಟ್ಟರೆ ಗುಳ್ಳೆ ಉಬ್ಬಿ ಕಣ್ಣಿನ ಒತ್ತಡ ಏರಿ ದೃಷ್ಟಿಯೇ ಹೋಗಬಹುದು. ಎರಡನೆಯದು ಮಸೂರದ ಪೊರೆ (ಕ್ಯಾಟರ್ಯಾಕ್ಟ್): ವಿಟ್ರೆಕ್ಟಮಿಯಾದ ಕಣ್ಣಿನ ಮಸೂರ ಒಂದೆರಡು ವರ್ಷದಲ್ಲಿ ಮಸುಕಾಗುವುದು ಸಾಮಾನ್ಯ. ಆ ಇಳಿಕೆಯನ್ನು ಕಸಿ ಸೋತಿತು ಅಂತಲೂ, ಪೊರೆ ತೆಗೆದ ಮೇಲಿನ ಏರಿಕೆಯನ್ನು ಕಸಿ ಗೆದ್ದಿತು ಅಂತಲೂ ಓದಿಬಿಡುವ ಅಪಾಯ ಇದೆ.

ಅಕ್ಷರಸಾಲು

ಸೂಜಿಮೊನೆ ಕೊನೆಯಲ್ಲಿ ಹೇಳಿದ್ದರಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅಳತೆಯಲ್ಲೇ ಹೆಚ್ಚು ಮೋಸ.

ದೃಷ್ಟಿ ಅಳೆಯುವ ಇಟಿಡಿಆರ್‌ಎಸ್ ಫಲಕದಲ್ಲಿ ಸಾಲಿಗೆ 5 ಅಕ್ಷರ, ದೂರ 4 ಮೀಟರ್. 15 ಅಕ್ಷರ ಅಂದರೆ ಮೂರು ಸಾಲು, ಅಂದರೆ ಓದಬಲ್ಲ ಅಕ್ಷರದ ಗಾತ್ರ ಅರ್ಧಕ್ಕಿಳಿದಂತೆ. ಒಳ್ಳೆಯ ಕಣ್ಣಲ್ಲೇ ಒಂದು ದಿನಕ್ಕೂ ಇನ್ನೊಂದಕ್ಕೂ 5 ಅಕ್ಷರ ಆಚೀಚೆ ಆಗುತ್ತದೆ, ಮಂಜಾದ ಕಣ್ಣಲ್ಲಿ 10 ದಾಟುವುದುಂಟು. ಅದರ ಮೇಲೆ ನಡುವಿನ ದೃಷ್ಟಿ ಹೋದವರು ಅಂಚಿನ ಒಂದು ಜಾಗದಿಂದ ನೋಡುವುದನ್ನು ಕಲಿಯುತ್ತಾರೆ, ಕಣ್ಣನ್ನು ಸ್ವಲ್ಪ ಓರೆ ಮಾಡಿ ಅಕ್ಷರ ಹಿಡಿಯುತ್ತಾರೆ. ಚಿಕಿತ್ಸೆ ಇಲ್ಲದೆಯೂ ಅಂಕ ಏರುತ್ತದೆ. ಆದ್ದರಿಂದ "8 ಅಕ್ಷರ ಹೆಚ್ಚಿತು" ಅಂದವರಿಗೆ ಕೇಳಿ: ಇನ್ನೊಂದು ಕಣ್ಣಲ್ಲಿ ಎಷ್ಟು ಹೆಚ್ಚಿತು? ಅಳೆದವರಿಗೆ ಯಾವ ಕಣ್ಣಿಗೆ ಚಿಕಿತ್ಸೆ ಆಗಿದೆ ಅಂತ ಗೊತ್ತಿತ್ತೇ? ಮೈಕ್ರೊಪೆರಿಮೆಟ್ರಿಯಲ್ಲಿ (ಅಕ್ಷಿಪಟಲದ ಒಂದೊಂದು ಬಿಂದುವಿನ ಚುರುಕು ಅಳೆಯುವ ಪರೀಕ್ಷೆ) ಕಸಿಯ ಮೇಲಿನ ಬಿಂದುಗಳೇ ಚುರುಕಾದವೇ, ಅಥವಾ ಎಲ್ಲೆಡೆ ಒಂದೇ ಥರವೇ? ಕಸಿ ಇಲ್ಲದ ಜಾಗದಲ್ಲೂ ಏರಿಕೆ ಕಂಡರೆ ಅದು ಅಭ್ಯಾಸಬಲ.

ಇನ್ನು ಕೊಬ್ಬಿನ ಕೋಶ. ಬೆಳ್ಳಗಿರುವುದೆಲ್ಲ ಹಾಲಲ್ಲ. ಹೊಟ್ಟೆಯ ಕೊಬ್ಬನ್ನು ಕಿಣ್ವದಲ್ಲಿ ಕರಗಿಸಿ, ತಿರುಗಿಸಿ, ತಳದಲ್ಲಿ ಉಳಿದದ್ದನ್ನು ಚುಚ್ಚುತ್ತಾರೆ. ಅದರಲ್ಲಿ ನಾರು ಕಟ್ಟುವ ಕೋಶ, ರಕ್ತದ ಕೋಶ, ನಾಳದ ಕೋಶ, ತೊಳೆಯದೆ ಉಳಿದ ಕಿಣ್ವ ಎಲ್ಲ ಇರುತ್ತವೆ. ಆರ್‌ಪಿಇಯೂ ಇಲ್ಲ, ಬೆಳಕು ಹಿಡಿಯುವ ಕೋಶವೂ ಇಲ್ಲ, ಅವುಗಳಾಗಿ ಬದಲಾಗುವ ದಾರಿಯೂ ಇಲ್ಲ. ವಿಟ್ರಿಯಸ್ಸಿಗೆ ಬಿದ್ದ ಇಂಥ ಕೋಶ ಮಾಡಬಲ್ಲ ಕೆಲಸ ಸಂಕುಚಿಸುವ ಪೊರೆ ಕಟ್ಟುವುದು. 2017ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಮೂವರು ಮಹಿಳೆಯರ ವಿವರ ಬಂತು. ವಯಸ್ಸು 72ರಿಂದ 88, ಎಲ್ಲರಿಗೂ ಎಎಂಡಿ, ಒಂದೇ ದಿನ ಎರಡೂ ಕಣ್ಣಿಗೆ ಚುಚ್ಚಲಾಗಿತ್ತು. ಮೊದಲಿದ್ದ ದೃಷ್ಟಿ 20/30ರಿಂದ 20/200 (ಎರಡನೇ ಸಂಖ್ಯೆ ದೊಡ್ಡದಾದಷ್ಟೂ ದೃಷ್ಟಿ ಮಂದ). ವರ್ಷ ಕಳೆದಾಗ 20/200ರಿಂದ ಬೆಳಕೂ ಕಾಣದ ಸ್ಥಿತಿ. ರಕ್ತಸ್ರಾವ, ಏರಿದ ಒತ್ತಡ, ಎಳೆತದಿಂದ ಕಳಚಿದ ಅಕ್ಷಿಪಟಲ, ಮಸೂರ ಜಾರಿದ್ದು ಎಲ್ಲವೂ ಇತ್ತು. ಅವರಿಂದ 5,000 ಡಾಲರ್ ಪಡೆಯಲಾಗಿತ್ತು. ಅದಕ್ಕೊಂದು ಪ್ರಯೋಗದ ನೋಂದಣಿಯೂ ಅಂತರ್ಜಾಲದಲ್ಲಿ ಇತ್ತು. ನೋಂದಣಿ ಸಂಖ್ಯೆ ಅಂದರೆ ಪರವಾನಗಿ ಅಲ್ಲ. ಯಾರು ಬೇಕಾದರೂ ತುಂಬಬಹುದಾದ ಅರ್ಜಿ ಅದು.

ಕೈಪಿಡಿಯಲ್ಲಿ ಎದ್ದು ಬರುವ ಗುರುತುಗಳು ಸಾಕು, ಉಪದೇಶ ಬೇಡ. ಎರಡೂ ಕಣ್ಣಿಗೆ ಒಂದೇ ದಿನ ಅಂದರೆ ಎದ್ದು ಬನ್ನಿ. ನಿಜವಾದ ಮೊದಲ ಹಂತದ ಪ್ರಯೋಗ ಕೆಟ್ಟಿರುವ ಕಣ್ಣೊಂದನ್ನೇ ಮುಟ್ಟುತ್ತದೆ. ಒಬ್ಬರಿಗೆ ಹಾಕಿ, ವಾರಗಟ್ಟಲೆ ಕಾದು, ಸುರಕ್ಷತೆ ನೋಡುವ ಮಂಡಳಿ ಸರಿ ಅಂದ ಮೇಲೆ ಮುಂದಿನವರಿಗೆ ಹಾಕುತ್ತದೆ. ಚಿಕಿತ್ಸೆಯ ಹಣ ಕೇಳುವುದಿಲ್ಲ. ಒಂದೇ ಕೋಶದಿಂದ ಎಎಂಡಿ, ಗ್ಲಾಕೋಮಾ, ಮಧುಮೇಹದ ಅಕ್ಷಿಪಟಲ, ಮೊಣಕಾಲು ನೋವು ಎಲ್ಲಕ್ಕೂ ಮದ್ದು ಅಂದರೆ ಅವರಿಗೆ ಪದರಗಳ ಪರಿಚಯವೇ ಇಲ್ಲ. ಸಮ್ಮತಿ ಪತ್ರದಲ್ಲಿ ಕೋಶದ ಮೂಲ, ಸಂಖ್ಯೆ, ಹಾಕುವ ಜಾಗ, ಕಡೆಗೆ ಅಡ್ಡಪರಿಣಾಮವಾದರೆ ಖರ್ಚು ಯಾರದ್ದು, ಎಷ್ಟು ವರ್ಷ ಹಿಂಬಾಲಿಸುತ್ತಾರೆ ಅನ್ನುವುದು ಬರೆದಿರಬೇಕು.

ಸೂಜಿಮೊನೆ

ಒಂದು ಸೇರ್ಪಡೆ, ಇಲ್ಲದಿದ್ದರೆ ವಿಟ್ರಿಯಸ್ಸಿಗೆ ಚುಚ್ಚುವುದೆಲ್ಲ ಮೋಸ ಅಂತ ಓದಿಕೊಂಡಾರು. ಜೆಸೆಲ್ ಅನ್ನುವ ಅಕ್ಷಿಪಟಲ ಪ್ರೊಜೆನಿಟರ್ ಪ್ರಯೋಗ ಆರ್‌ಪಿಗೆ ಅಲ್ಲಿಗೇ ಕೊಡುತ್ತದೆ, 30 ಲಕ್ಷ ಅಥವಾ 60 ಲಕ್ಷ ಕೋಶ. ಅಲ್ಲಿ ಉದ್ದೇಶ ಕೋಶ ಬದಲಿಸುವುದಲ್ಲ, ತೇಲುತ್ತ ಪೋಷಕಾಂಶ ಸುರಿಸಿ ಉಳಿದ ಶಂಕುಕೋಶ ಕಾಯುವುದು. 2025ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಎನ್ಸೆಲ್ಟೊ ಕೂಡ ಅದೇ ತರ್ಕ: ಸಿಎನ್‌ಟಿಎಫ್ ಎಂಬ ಪೋಷಕ ಪ್ರೋಟೀನು ಸುರಿಸುವ ಕೋಶಗಳನ್ನು ಪುಟ್ಟ ಕೊಳವೆಯೊಳಗೆ ಮುಚ್ಚಿ ಕಣ್ಣಲ್ಲಿಡುತ್ತಾರೆ. ಪ್ರೋಟೀನು ಆಚೆ ಬರುತ್ತದೆ, ಕೋಶ ಬರುವುದಿಲ್ಲ. ಅದು ಮ್ಯಾಕ್‌ಟೆಲ್ (ಮ್ಯಾಕ್ಯುಲದ ಇನ್ನೊಂದು ರೋಗ) ಎರಡನೇ ಬಗೆಗೆ ಮಾತ್ರ, ಎಎಂಡಿಗಲ್ಲ.

ನಸುಬೆಳಕು

ಉಪಕಾರವಾಯಿತು. ಎರಡು ಉಳಿದವು. ಟ್ಯಾಕ್ರೊಲಿಮಸ್ ಎಷ್ಟು ದಿನ, ಮೊದಲು ಏನೇನು ಪರೀಕ್ಷೆ? ಮತ್ತೆ, ಆರ್‌ಪಿಯಲ್ಲಿ ಹೊರ ನ್ಯೂಕ್ಲಿಯರ್ ಪದರವೇ ಹೋಗಿದ್ದರೆ ಬೆಳಕು ಹಿಡಿಯುವ ಕೋಶವನ್ನೇ ನೆಡುವ ಕೆಲಸ ಎಲ್ಲಿಗೆ ಬಂದಿದೆ?

ತಟ್ಟೆಕೋಶ

ಶ್ವಾರ್ಟ್ಸ್ ತಂಡದ ಪ್ರಯೋಗದಲ್ಲಿ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್ ಎರಡನ್ನೂ ಶಸ್ತ್ರಚಿಕಿತ್ಸೆಗೆ ವಾರ ಮೊದಲು ಶುರು ಮಾಡಿ, ಆರು ವಾರದ ನಂತರ ಮೊದಲನೆಯದನ್ನು ನಿಲ್ಲಿಸಿ, ಎರಡನೆಯದನ್ನು ಇನ್ನಾರು ವಾರ ಮುಂದುವರಿಸಿದರು. ಲಂಡನ್ನಿನವರು ಕಣ್ಣೊಳಗೇ ಸ್ಟೆರಾಯ್ಡ್ ಇಂಪ್ಲಾಂಟ್ ಇಟ್ಟರು. ದೇಹಕ್ಕೆ ಹೊರೆ ಕಡಿಮೆ, ಆದರೆ ಕಣ್ಣಿನ ಒತ್ತಡ ಮತ್ತು ಮಸೂರದ ಪೊರೆಯ ಮೇಲೆ ಕಣ್ಣಿಡಬೇಕು. ಶುರು ಮಾಡುವ ಮುನ್ನ ಕ್ಷಯ, ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ, ಕ್ರಿಯಾಟಿನಿನ್, ರಕ್ತದೊತ್ತಡ, ಸಕ್ಕರೆ ನೋಡಲೇಬೇಕು. ಟ್ಯಾಕ್ರೊಲಿಮಸ್ ಮಟ್ಟ ಅಳೆಯುವ ರಕ್ತವನ್ನು ಬೆಳಗಿನ ಗುಳಿಗೆ ನುಂಗುವ ಮೊದಲು ತೆಗೆಯಬೇಕು. ನುಂಗಿ ಬಂದು ರಕ್ತ ಕೊಟ್ಟರೆ ಸುಳ್ಳು ಏರಿಕೆ ಕಾಣುತ್ತದೆ, ವೈದ್ಯರು ಪ್ರಮಾಣ ಇಳಿಸುತ್ತಾರೆ, ಕಸಿಗೆ ರಕ್ಷಣೆ ತಪ್ಪುತ್ತದೆ. ಕ್ಲಾರಿಥ್ರೊಮೈಸಿನ್, ಫ್ಲೂಕೊನಜೋಲ್ ಅದರ ಮಟ್ಟವನ್ನು ಏರಿಸುತ್ತವೆ. ಜೀವಂತ ಲಸಿಕೆ ಆ ಅವಧಿಯಲ್ಲಿ ಬೇಡ.

ಬೆಳಕು ಹಿಡಿಯುವ ಕೋಶ ನೆಡುವುದು ಆರ್‌ಪಿಇಗಿಂತ ಎಷ್ಟೋ ಪಾಲು ಕಷ್ಟ. ಆರ್‌ಪಿಇ ಪಕ್ಕದವರಿಗೆ ಅಂಟಿಕೊಂಡು ಕೂತರೆ ಸಾಕು, ಇದು ಸಂಕೇತ ಮುಂದೆ ಸಾಗಿಸುವ ಮೇಲಿನ ಬೈಪೋಲಾರ್ ಕೋಶಕ್ಕೆ ತಂತಿ ಜೋಡಿಸಬೇಕು. 2016ರ ಸುಮಾರಿಗೆ ಈ ಕ್ಷೇತ್ರಕ್ಕೆ ತಣ್ಣೀರು ಬಿತ್ತು. ಇಲಿಗಳಲ್ಲಿ ನೆಟ್ಟ ಹೊಳೆಯುವ ಕೋಶಗಳು ಅಕ್ಷಿಪಟಲದಲ್ಲಿ ಬೆರೆತಿವೆ ಅಂತ ವರ್ಷಗಳ ಕಾಲ ಅಂದುಕೊಂಡಿದ್ದು ಬಹುಪಾಲು ಬೆರೆತದ್ದಲ್ಲ. ನೆಟ್ಟ ಕೋಶ ತನ್ನ ಪ್ರೋಟೀನನ್ನು ಹಳೆಯ ಕೋಶಕ್ಕೆ ದಾಟಿಸಿತ್ತು, ಹೊಳೆದದ್ದು ಹಳೆಯ ಕೋಶ. ದಾಟಿಸಿಕೊಳ್ಳಲು ಕೋಶವೇ ಇಲ್ಲದ ಕಣ್ಣಲ್ಲಿ ಆ ಲಾಭ ಶೂನ್ಯ. ಹಳೆಯ ಲೇಖನಗಳನ್ನು ಉಲ್ಲೇಖಿಸುವಾಗ ಇದನ್ನು ನೆನಪಿಡಿ.

ಈಗಿನ ದಾರಿ ಆರ್ಗನಾಯ್ಡ್, ಅಂದರೆ ತಟ್ಟೆಯಲ್ಲಿ ಬೆಳೆಸಿದ ಅಂಗದ ಪುಟ್ಟ ರೂಪ. ಯೋಶಿಕಿ ಸಸಾಯಿ ತಂಡ 2011ರಲ್ಲಿ ಇಲಿಯ ಕೋಶದಿಂದ ಕಣ್ಣಿನ ಬಟ್ಟಲು ತಾನಾಗಿ ರೂಪುಗೊಳ್ಳುವುದನ್ನು ತೋರಿಸಿತು. ಮಾನವ ಕೋಶದಲ್ಲಿ ಬೆಳಕು ಹಿಡಿಯುವ ಪದರ ಬರಲು ತಿಂಗಳುಗಟ್ಟಲೆ ಬೇಕು, ತಟ್ಟೆಯಲ್ಲಿ ಕಾಲ ಹೆಚ್ಚುಕಡಿಮೆ ಗರ್ಭದ ವೇಗದಲ್ಲೇ ಸಾಗುತ್ತದೆ. ಕೋಬೆಯಲ್ಲಿ 2020ರಿಂದ ಆರ್‌ಪಿ ಇದ್ದ ಇಬ್ಬರಿಗೆ ಇಂಥ ಹಾಳೆ ಹಾಸಿ ಎರಡು ವರ್ಷ ನೋಡಿದರು. ಹಾಳೆ ಉಳಿಯಿತು, ಗೆಡ್ಡೆ ಬರಲಿಲ್ಲ. ಅದು ಸುರಕ್ಷತೆಯ ಪ್ರಯೋಗ, ಓದುವ ದೃಷ್ಟಿ ಮರಳಿತು ಅನ್ನುವ ವರದಿ ಅಲ್ಲ.

ಪದರ_ಹತ್ತು

ಆರ್‌ಪಿ ಪುಟಕ್ಕೆ ನನ್ನದೂ ಒಂದು ಪ್ಯಾರಾ ಸೇರಿಸಿಕೊಳ್ಳಿ. "ಇದಕ್ಕೆ ಮದ್ದಿಲ್ಲ" ಅಂದುಕೊಂಡು ಕಣ್ಣು ತೋರಿಸುವುದನ್ನೇ ನಿಲ್ಲಿಸಿದವರಲ್ಲಿ ಈಗಲೇ ಸರಿಪಡಿಸಬಹುದಾದ ಎರಡು ತೊಂದರೆ ಗಮನಕ್ಕೆ ಬಾರದೆ ಉಳಿಯುತ್ತವೆ. ಒಂದು, ಮಸೂರದ ಹಿಂಬದಿಯ ಪೊರೆ. ಉಳಿದಿರುವ ನಡುವಿನ ಚೂರು ದೃಷ್ಟಿಯ ನೇರಕ್ಕೇ ಅದು ಕೂರುತ್ತದೆ. ಇನ್ನೊಂದು, ಮ್ಯಾಕ್ಯುಲದ ಊತ. ಓಸಿಟಿಯಲ್ಲಿ ಕಪ್ಪು ಗುಳಿಗಳಾಗಿ ಕಾಣುತ್ತದೆ. ಡಾರ್ಜೊಲಮೈಡ್ ಹನಿ ಅಥವಾ ಅಸೆಟಜೋಲಮೈಡ್ ಗುಳಿಗೆಗೆ ಹಲವರಲ್ಲಿ ಇಳಿಯುತ್ತದೆ. ಗುಳಿಗೆ ಕೊಡುವ ಮೊದಲು ಸಲ್ಫಾ ಅಲರ್ಜಿ, ಮೂತ್ರಪಿಂಡದ ಕಲ್ಲು ಇವೆಯೇ ಅಂತ ಕೇಳಬೇಕು. ಎಆರ್‌ಇಡಿಎಸ್2 ಮಾತ್ರೆಯ ಡಬ್ಬಿಯನ್ನು ಆರ್‌ಪಿಯವರಿಗೂ ಕೊಡುವ ರೂಢಿ ಕಾಣುತ್ತದೆ. ಆ ಸೂತ್ರವನ್ನು (ವಿಟಮಿನ್ ಸಿ 500 ಮಿ.ಗ್ರಾಂ., ಇ 400 ಐಯು, ಲೂಟಿನ್ 10, ಝಿಯಾಕ್ಸಾಂಥಿನ್ 2, ಸತು 80, ತಾಮ್ರ 2 ಮಿ.ಗ್ರಾಂ.) ಪರೀಕ್ಷಿಸಿದ್ದು ಎಎಂಡಿಯಲ್ಲಿ, ಅದೂ ಮಧ್ಯಮ ಹಂತ ತಲುಪಿದವರಲ್ಲಿ. ಜಿಯಾಗ್ರಫಿಕ್ ಅಟ್ರೊಫಿಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪೆಗ್ಸೆಟಕೊಪ್ಲಾನ್, ಅವಾಸಿನ್‌ಕ್ಯಾಪ್ಟಾಡ್ ಚುಚ್ಚುಮದ್ದುಗಳು ಗಾಯ ಹರಡುವ ವೇಗ ತಗ್ಗಿಸುತ್ತವೆ, ಹೋದದ್ದನ್ನು ತರುವುದಿಲ್ಲ. ಯಾವುದಾದರೂ ಕೋಶ ಪ್ರಯೋಗಕ್ಕೆ ಸೇರುವ ಯೋಚನೆ ಇದ್ದರೆ ಇವನ್ನು ಶುರು ಮಾಡುವ ಮುಂಚೆಯೇ ಆ ಪ್ರಯೋಗದ ಅರ್ಹತಾ ನಿಯಮ ಓದಿ. ಇಂತಿಷ್ಟು ತಿಂಗಳೊಳಗೆ ಬೇರೆ ಚುಚ್ಚುಮದ್ದು ಪಡೆದಿರಬಾರದು ಅನ್ನುವ ಷರತ್ತು ಹಲವು ಕಡೆ ಇರುತ್ತದೆ.